ಹಂಸ ಸಾಧು ಪಕ್ಷಿ ಅಲ್ಲ, ನಮ್ಮ ಸಣ್ಣಜ್ಜನೂ ಅಲ್ಲ

ಮೊದಲೇ ಹೇಳಿಬಿಡ್ತೀನಿ. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡಲ್ಲ. ಸಾಯುವ ಮುಂಚೆ ಹಾಡೂ ಹೇಳಲ್ಲ. ಶಾಂತಿಯ ಪಕ್ಷಿಯಂತೂ ಖಂಡಿತ ಅಲ್ಲ, ಬೇಕಾದ್ರೆ ಅದರ ಗೂಡಿನ ಹತ್ತಿರ ಹೋಗಿ ಬಂದವರನ್ನ ಕೇಳಿ. ಮದುವೆ ಕಾರ್ಡಿನ ಮೇಲೆ ಎರಡು ಕುತ್ತಿಗೆ ಸೇರಿಸಿ ಹಾರ್ಟ್ ಶೇಪ್ ಮಾಡ್ಕೊಂಡು ನಿಂತಿರ್ತವಲ್ಲ, ಆ ಬಿಳಿ ಪಕ್ಷಿಗಳು ಕೋರಲ್‌ಡ್ರಾದಲ್ಲಿ ಹುಟ್ಟಿ ಕೋರಲ್‌ಡ್ರಾದಲ್ಲೇ ಬೆಳೆದಂಥವು. ಇಷ್ಟೆಲ್ಲ ಹೇಳಿದ ಮೇಲೂ ನನ್ನ ಅಭಿಪ್ರಾಯ ಏನಪ್ಪಾ ಅಂದ್ರೆ, ಹಂಸವನ್ನ ನಾವು ಸಾಕಷ್ಟು ಹೊಗಳ್ತಾ ಇಲ್ಲ. ಇಲ್ಲದ ಗುಣಗಳನ್ನ ಹುಡುಕಿ ಹುಡುಕಿ ಹೊಗಳ್ತೀವಿ. ಇರುವ ಗುಣಗಳು ಅದಕ್ಕಿಂತ ಎಷ್ಟೋ ಮಜವಾಗಿವೆ.

ಈ ವಾದ ಮೂಲತಃ ನನ್ನದಲ್ಲ, ನಮ್ಮ ಸಣ್ಣಜ್ಜನದು. ಸಣ್ಣಜ್ಜ ಅಂದ್ರೆ ನಮ್ಮಪ್ಪನ ಕಾಕಾ. ಸರಕಾರಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ್ ಆಗಿ ರಿಟೈರ್ ಆದವನು. ಲಕ್ಷ್ಮೇಶ್ವರದ ಕಡೆ ಒಂದು ಹಳ್ಳಿಯಲ್ಲಿ ನಾಲ್ಕು ಎಕರೆ ಹೊಲ, ಒಂದು ಸೈಕಲ್, ಒಂದು ಹಳೇ ದುರ್ಬೀನು ಇಟ್ಕೊಂಡು ಬದುಕಿದ. ಊರವರು ಕರೀತಿದ್ದದ್ದು ‘ಹಂಸ ಮಾಸ್ತರ’ ಅಂತ. ಈ ವರ್ಷ ಬೇಸಿಗೆಯಲ್ಲಿ ತೀರಿಕೊಂಡ. (ಏಕವಚನ ನೋಡಿ ಯಾರೂ ಬೇಜಾರು ಮಾಡ್ಕೋಬೇಡಿ. ನಮ್ಮ ಕಡೆ ಅಜ್ಜನಿಗೆ ಬಹುವಚನ ಹಚ್ಚಿದ್ರೆ ಅಜ್ಜನಿಗೇ ಸಿಟ್ಟು ಬರುತ್ತೆ.)

ಮೂರನೇ ದಿನ ಬಸ್ ಸ್ಟ್ಯಾಂಡಿನ ಹತ್ತಿರ ಶ್ರದ್ಧಾಂಜಲಿಯ ಫ್ಲೆಕ್ಸ್ ಎದ್ದಿತು. ಜನ್ಮದಲ್ಲಿ ಕೋಟು ಹಾಕದ ಸಣ್ಣಜ್ಜನಿಗೆ ಫೋಟೋಶಾಪ್‌ನಲ್ಲಿ ನೀಲಿ ಕೋಟು. ಎಡಕ್ಕೊಂದು ಬಲಕ್ಕೊಂದು ಬಿಳಿ ಹಂಸ. ಕೆಳಗೆ ದೊಡ್ಡ ಅಕ್ಷರದಲ್ಲಿ: ‘ಹಂಸದಂತೆ ಶಾಂತಮೂರ್ತಿ, ಅಜಾತಶತ್ರು’. ಅಲ್ಲಿವರೆಗೆ ಅಳ್ತಾ ಇದ್ದ ನಮ್ಮ ಅತ್ತಿ ಅದನ್ನ ಓದಿ ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು.

ಯಾಕಂದ್ರೆ ಅಜಾತಶತ್ರುವಿನ ಶತ್ರುಗಳ ಪಟ್ಟಿ ಸಣ್ಣದಲ್ಲ. ಹಾಲಿನವನು. ಟಿಕೆಟ್ ಕೊಟ್ಟು ಚಿಲ್ಲರೆ ಕೊಡದ ಕಂಡಕ್ಟರುಗಳು. ಬೋರ್ಡಿನ ಮೇಲೆ ಒತ್ತಕ್ಷರ ತಪ್ಪು ಬರೆಸಿದ ಎಲ್ಲ ಅಂಗಡಿಗಳ ಮಾಲಕರು. ಸಣ್ಣಜ್ಜ ಸೈಕಲ್ ನಿಲ್ಲಿಸಿ, ಚೀಲದಿಂದ ಸೀಮೆಸುಣ್ಣ ತೆಗೆದು, ಕೇಳದೇ ತಿದ್ದಿ ಹೋಗ್ತಿದ್ದ. ಆ ಫ್ಲೆಕ್ಸ್ ಪ್ರಿಂಟ್ ಮಾಡಿದ ಅಂಗಡಿಯವನ ಜೊತೆನೂ ಇದೇ ಕಾರಣಕ್ಕೆ ಎರಡು ವರ್ಷದಿಂದ ಮಾತು ಬಿಟ್ಟಿದ್ದ. ಮೊಮ್ಮಕ್ಕಳಾದ ನಾವೂ ಆ ಪಟ್ಟಿಯಿಂದ ಹೊರಗಿರಲಿಲ್ಲ. ಹುಬ್ಬಳ್ಳಿಯಿಂದ ರಜೆಗೆ ಹೋದ ನನ್ನ ಹತ್ತಿರ ಇಂಗ್ಲಿಷ್ ಮೀಡಿಯಂ ಕನ್ನಡ ಕೇಳಿ, ‘ಯವ್ವಾ, ಇದು ಕನ್ನಡಾನೋ, ಕನ್ನಡದ ಜೆರಾಕ್ಸೋ?’ ಅಂದಿದ್ದ.

ಹಾಗಾಗಿ ಆ ಫ್ಲೆಕ್ಸ್ ಇಬ್ಬರಿಗೆ ಅನ್ಯಾಯ ಮಾಡಿದೆ ಅನ್ನೋದು ನನ್ನ ದೂರು. ಒಂದು ಸಣ್ಣಜ್ಜನಿಗೆ, ಇನ್ನೊಂದು ಹಂಸಕ್ಕೆ. ಇಬ್ಬರ ಪರವಾಗಿಯೂ ವಾದ ಮಾಡ್ತೀನಿ.

ಹಾಲು-ನೀರಿನಿಂದ ಶುರು ಮಾಡೋಣ. ಹಂಸಕ್ಷೀರ ನ್ಯಾಯ ಅಂತ ಒಂದಿದೆ. ಹಾಲು ನೀರು ಬೆರೆಸಿ ಇಟ್ರೆ ಹಂಸ ಹಾಲನ್ನ ಮಾತ್ರ ಕುಡಿದು ನೀರು ಬಿಡುತ್ತೆ, ವಿವೇಕಿ ಹಾಗಿರಬೇಕು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಹಾಲಿನ ಬಹುಪಾಲು ನೀರೇ. ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ, ಪ್ರೋಟೀನು ಕಣಗಳಾಗಿ ಅದರಲ್ಲಿ ತೇಲ್ತಿರುತ್ತೆ. ನಾವು ಸೆಂಟ್ರಿಫ್ಯೂಜ್ ತಿರುಗಿಸಿ ಮಾಡುವ ಕೆಲಸವನ್ನ ಒಂದು ಪಕ್ಷಿ ಕೊಕ್ಕಿನಲ್ಲಿ ಮಾಡುತ್ತೆ ಅಂದ್ರೆ ಕೆಮಿಕಲ್ ಬ್ರಾಂಚಿನವರಿಗೆ ಕೆಲಸ ಉಳಿಯಲ್ಲ. ಹಂಸ, ಬಾತು, ಹೆಬ್ಬಾತುಗಳ ಕೊಕ್ಕಿನ ಅಂಚಿಗೆ ಬಾಚಣಿಕೆಯ ಹಲ್ಲಿನಂಥ ಸಾಲು ಇರೋದು ನಿಜ. ನೀರನ್ನ ಸೋಸಿ ಹೊರಗೆ ಬಿಟ್ಟು ತಿನ್ನೋದನ್ನ ಒಳಗೆ ಇಟ್ಕೊಳ್ಳೋಕೆ ಅದು ಬೇಕು. ಅಂದ್ರೆ ಅದು ಜರಡಿ. ಘನ-ದ್ರವ ಬೇರೆ ಮಾಡುತ್ತೆ, ದ್ರವ-ದ್ರವ ಅಲ್ಲ. ಕಮಲದ ದಂಟು ಮುರಿದಾಗ ಬರುವ ಹಾಲಿನಂಥ ರಸದಿಂದ ಈ ಕಥೆ ಹುಟ್ಟಿರಬಹುದು ಅಂತ ಕೆಲವು ವಿದ್ವಾಂಸರು ಹೇಳ್ತಾರೆ.

ಸಣ್ಣಜ್ಜ ವಿದ್ವಾಂಸರನ್ನ ಕಾಯಲಿಲ್ಲ. ಎಲ್ಲಿಂದಲೋ ಒಂದು ಸಾಕಿದ ಬಿಳಿ ಹೆಬ್ಬಾತು ಎರವಲು ತಂದು, ಪರಾತದಲ್ಲಿ ಅರ್ಧ ಹಾಲು ಅರ್ಧ ನೀರು ಬೆರೆಸಿ ಇಟ್ಟ. ಓಣಿ ಎಲ್ಲ ನೋಡೋಕೆ ಸೇರಿತ್ತಂತೆ. ಪಕ್ಷಿ ಎರಡನ್ನೂ ಕುಡಿಯಿತು, ಪರಾತದೊಳಗೆ ಇಳಿದು ನಿಂತಿತು, ಕಾಲು ತೊಳೆಯಿತು, ಎತ್ತೋಕೆ ಹೋದ ಸಣ್ಣಜ್ಜನ ಕೈ ಕಚ್ಚಿತು. ಆತ ತನ್ನ ವಹಿಯಲ್ಲಿ ಬರೆದುಕೊಂಡ: ‘ನ್ಯಾಯ ಸುಳ್ಳು. ಪಕ್ಷಿ ಖರೆ.’

ಅಲ್ಲಿಂದ ಮುಂದೆ ಹಾಲು ಪರೀಕ್ಷೆಯ ಕೆಲಸವನ್ನ ಆತ ತಾನೇ ವಹಿಸ್ಕೊಂಡ. ಗದಗಿನಿಂದ ಒಂದು ಲ್ಯಾಕ್ಟೋಮೀಟರ್ ತಂದು ಅದಕ್ಕೆ ‘ಹಂಸ’ ಅಂತ ಹೆಸರಿಟ್ಟ. ಫಸ್ಟ್ ಇಯರ್ ಫಿಸಿಕ್ಸ್ ನೆನಪಿದ್ದವರಿಗೆ ಗೊತ್ತಿರುತ್ತೆ, ಇದು ಆರ್ಕಿಮಿಡೀಸನ ಆಟ: ಸಾಂದ್ರತೆ ಹೆಚ್ಚಿದ್ದಷ್ಟೂ ಕೊಳವೆ ಮೇಲೆ ತೇಲುತ್ತೆ. ಒಳ್ಳೆ ಹಾಲಿಗೆ ಸುಮಾರು 28ರಿಂದ 32 ತೋರಿಸುತ್ತೆ, ನೀರು ಬೆರೆತಂತೆಲ್ಲ ಕೊಳವೆ ಮುಳುಗಿ ರೀಡಿಂಗ್ ಇಳಿಯುತ್ತೆ. ಆದರೆ ಈ ಹಂಸಕ್ಕೂ ಮೋಸ ಮಾಡಬಹುದು. ಕೆನೆ ಹಗುರ. ಕೆನೆ ತೆಗೆದ್ರೆ ಹಾಲಿನ ಸಾಂದ್ರತೆ ಏರುತ್ತೆ, ಆಮೇಲೆ ನೀರು ಹಾಕಿದ್ರೆ ಇಳಿಯುತ್ತೆ, ಎರಡೂ ಸರಿಹೋಗಿ ರೀಡಿಂಗ್ ಶುದ್ಧ ಹಾಲಿನಂತೆಯೇ ಬರುತ್ತೆ. ಎರಡು ಸುಳ್ಳು ಸೇರಿ ಒಂದು ಸತ್ಯದಂತೆ ಕಾಣುವ ಎರರ್ ಕ್ಯಾನ್ಸಲೇಷನ್ ಇದು. ಲ್ಯಾಬ್ ರೆಕಾರ್ಡ್ ಬರೆಯುವವರಿಗೆ ಹೊಸದೇನಲ್ಲ. ಸಣ್ಣಜ್ಜನಿಗೆ ಇದೂ ಗೊತ್ತಿತ್ತು. ಅದಕ್ಕೆ ಕಾಸಿದ ಹಾಲಿನ ಕೆನೆಯನ್ನ ಡ್ರಾಯಿಂಗ್ ಸ್ಕೇಲಿನಿಂದ ಅಳೀತಿದ್ದ. ಹಾಲಿನವನೂ ಆತನೂ ದಿನಾ ಮುಂಜಾನೆ ಕಟ್ಟೆಯ ಮೇಲೆ ಜಗಳ ಆಡ್ತಿದ್ದದ್ದು ಊರಿಗೆ ಅಲಾರಾಂ.

ಇನ್ನು ಶಾಂತ ಸ್ವಭಾವ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕ್ಯಾಮ್ ಅಂತ ನದಿ ಇದೆ. ಅಲ್ಲಿ ಒಂದು ಗಂಡು ಹಂಸ ವರ್ಷಗಟ್ಟಲೆ ದೋಣಿ ಹುಟ್ಟು ಹಾಕುವವರ ಮೇಲೆ ದಾಳಿ ಮಾಡ್ತಾ ಇತ್ತು. ಜನ ಅದಕ್ಕೆ ‘ಮಿಸ್ಟರ್ ಆಸ್ಬೊ’ ಅಂತ ಹೆಸರಿಟ್ಟರು. ಸಮಾಜಕ್ಕೆ ಉಪದ್ರವ ಕೊಡುವವರ ಮೇಲೆ ಅಲ್ಲಿ ಕೋರ್ಟು ಹೊರಡಿಸ್ತಿದ್ದ ಆದೇಶದ ಹೆಸರು ಆಸ್ಬೊ. ಕೊನೆಗೆ 2012ರಲ್ಲಿ ಅದನ್ನ ಹಿಡಿದು ದೂರದ ಊರಿಗೆ ಸಾಗಿಸಿದರು. ಅಂದ್ರೆ ಗಡೀಪಾರು! ನಾನು ಇದನ್ನ ಫೋನಿನಲ್ಲಿ ಹೇಳಿದಾಗ ಸಣ್ಣಜ್ಜ ಐದು ನಿಮಿಷ ನಕ್ಕ. ‘ಇದಪಾ ಹಂಸ! ಹೆಸರು ಇನ್ನೊಮ್ಮೆ ಹೇಳು’ ಅಂತ ವಹಿಯಲ್ಲಿ ಬರೆದುಕೊಂಡ. ಆಮೇಲೆ ಕಂಡಕ್ಟರ್ ಜೊತೆ ಜಗಳ ಆದಾಗೆಲ್ಲ ಫೋನ್ ಮಾಡಿ, ‘ಇವತ್ತ ಸ್ವಲ್ಪ ಆಸ್ಬೊ ಆತು’ ಅಂತಿದ್ದ.

ಆದರೆ ಆ ಸಿಡುಕಿಗೆ ಕಾರಣ ಇದೆ, ಅದನ್ನ ಯಾರೂ ಕಾರ್ಡಿನ ಮೇಲೆ ಪ್ರಿಂಟ್ ಮಾಡಲ್ಲ. ಬಿಳಿ ಹಂಸ, ಇಂಗ್ಲಿಷಿನಲ್ಲಿ ಮ್ಯೂಟ್ ಸ್ವಾನ್, ಹಾರುವ ಪಕ್ಷಿಗಳಲ್ಲೇ ಭಾರಿ ತೂಕದ್ದು. ಗಂಡು 10-12 ಕೆಜಿ ಇರುತ್ತೆ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ ಎರಡು ಮೀಟರಿಗಿಂತ ಜಾಸ್ತಿ. ಇಷ್ಟು ತೂಕ ಎತ್ತೋಕೆ ಅದು ನೀರಿನ ಮೇಲೆ ರೆಕ್ಕೆ ಬಡಿಯುತ್ತಾ ದಪದಪ ಓಡಬೇಕು, ವಿಮಾನ ರನ್‌ವೇ ಮೇಲೆ ಓಡಿದ ಹಾಗೆ. ಮೇಲಿಂದ ವರ್ಷಕ್ಕೊಮ್ಮೆ ರೆಕ್ಕೆಯ ಗರಿಗಳೆಲ್ಲ ಉದುರಿ, ಹೊಸವು ಬರುವತನಕ ಕೆಲವು ವಾರ ಹಾರೋಕೇ ಆಗಲ್ಲ. ಗೂಡು ನೆಲದ ಮೇಲೆ, ಮರಿಗಳು ನೀರಿನಲ್ಲಿ, ತಪ್ಪಿಸ್ಕೊಂಡು ಪಟ್ಟಂತ ಹಾರುವ ದಾರಿ ಇಲ್ಲ. ಹಾಗಿದ್ದಾಗ ಎದುರು ನಿಂತು ಬುಸುಗುಟ್ಟೋದೊಂದೇ ಉಳಿದಿರೋದು. ರೆಕ್ಕೆಯಿಂದ ಹೊಡೆದ್ರೆ ಮನುಷ್ಯನ ಕೈ ಮುರಿಯುತ್ತೆ ಅನ್ನೋದು ಉತ್ಪ್ರೇಕ್ಷೆ. ಆ ಉತ್ಪ್ರೇಕ್ಷೆಯನ್ನ ಹಬ್ಬಿಸಿದ್ದು ಹಂಸಗಳೇ ಇರಬೇಕು ಅಂತ ಸಣ್ಣಜ್ಜನ ಅನುಮಾನ.

ಅದೇ ಸಿಡುಕ ಪಕ್ಷಿ ತನ್ನ ಬೂದು ಮರಿಗಳನ್ನ ಬೆನ್ನ ಮೇಲೆ ಕೂರಿಸ್ಕೊಂಡು, ಎರಡು ರೆಕ್ಕೆ ಗೋಡೆಯ ಹಾಗೆ ಎತ್ತಿ ಹಿಡಿದು ತೇಲುತ್ತೆ. ಸಾಮಾನ್ಯವಾಗಿ ವರ್ಷಗಟ್ಟಲೆ ಒಂದೇ ಜೋಡಿಯಾಗಿ ಬಾಳುತ್ತೆ. ನಿಷ್ಠೆ ಕೆಲವೊಮ್ಮೆ ಅತಿಯೂ ಆಗುತ್ತೆ. 2006ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ನಗರದ ಕೆರೆಯಲ್ಲಿ ಪೆಟ್ರಾ ಅನ್ನೋ ಕಪ್ಪು ಹಂಸ ಪ್ರೀತಿ ಮಾಡಿದ್ದು ಯಾರನ್ನ ಗೊತ್ತಾ? ಹಂಸದ ಆಕಾರದ ಪೆಡಲ್ ಬೋಟನ್ನ. ಅದನ್ನ ಬಿಟ್ಟು ಕದಲಲೇ ಇಲ್ಲ. ಚಳಿಗಾಲ ಬಂದಾಗ ಬೇರೆ ದಾರಿ ಇಲ್ಲದೆ ಪಕ್ಷಿ, ಬೋಟು ಎರಡನ್ನೂ ಜೊತೆಗೇ ಮೃಗಾಲಯಕ್ಕೆ ಒಯ್ದರು. ನಮ್ಮ ಕ್ಯಾಂಪಸ್ಸಿನ ಒನ್ ಸೈಡ್ ಲವ್ ಕೇಸುಗಳು ಇದರ ಮುಂದೆ ಏನೂ ಅಲ್ಲ.

ಕಪ್ಪು ಹಂಸ ಅಂದಕೂಡಲೇ ನಮ್ಮಲ್ಲಿ ಎಂಬಿಎ ಕನಸಿನವರು ‘ಬ್ಲ್ಯಾಕ್ ಸ್ವಾನ್ ಇವೆಂಟ್’ ಅಂತ ಶುರು ಮಾಡ್ತಾರೆ. ಯುರೋಪಿನವರು ಶತಮಾನಗಳ ಕಾಲ ಆಗದೇ ಇರೋದಕ್ಕೆ ಕಪ್ಪು ಹಂಸ ಅಂತ ಉದಾಹರಣೆ ಕೊಡ್ತಿದ್ರು. 1697ರಲ್ಲಿ ಡಚ್ ನಾವಿಕ ವಿಲೆಮ್ ಡೆ ವ್ಲಾಮಿಂಗ್ ಪಶ್ಚಿಮ ಆಸ್ಟ್ರೇಲಿಯಾದ ನದಿಯೊಂದಕ್ಕೆ ಹೋದ್ರೆ ಅಲ್ಲಿ ಕಪ್ಪು ಹಂಸಗಳು ಆರಾಮಾಗಿ ತೇಲ್ತಾ ಇದ್ವು. ಆ ನದಿಗೆ ಈಗಲೂ ಸ್ವಾನ್ ನದಿ ಅಂತಲೇ ಹೆಸರು. ಸಣ್ಣಜ್ಜನ ಕಾಮೆಂಟು ಇಷ್ಟು: ‘ಹಂಸಕ್ಕ ಗೊತ್ತಿತ್ತಲ್ಲ ತಾನು ಕರೇದು ಅದೀನಿ ಅಂತ. ಗೊತ್ತಿರದಿದ್ದದ್ದು ಪುಸ್ತಕಕ್ಕ.’

ಇಲ್ಲಿ ನಿಮ್ಮಲ್ಲಿ ಯಾರಾದರೂ ಕೈ ಎತ್ತಿ ಕೇಳಬಹುದು: ಇದೆಲ್ಲ ಪರದೇಶದ ಸ್ವಾನ್ ಕಥೆ, ನಮ್ಮ ಹಂಸ ಎಲ್ಲಿ? ಒಳ್ಳೆ ಪ್ರಶ್ನೆ. ಸ್ವಾನ್ ನಮ್ಮ ದೇಶದ ಪಕ್ಷಿ ಅಲ್ಲ, ಅಪರೂಪಕ್ಕೆ ಚಳಿಗಾಲದಲ್ಲಿ ವಾಯವ್ಯ ಮೂಲೆಯಲ್ಲಿ ದಾರಿ ತಪ್ಪಿ ಬಂದಂತೆ ಕಾಣಿಸುತ್ತೆ ಅಷ್ಟೇ. ಹಾಗಾದ್ರೆ ಸರಸ್ವತಿ ಕೂತದ್ದು, ನಳ-ದಮಯಂತಿಯರ ನಡುವೆ ಮೆಸೇಜ್ ಒಯ್ದದ್ದು ಯಾವ ಪಕ್ಷಿ? ಡಚ್ ವಿದ್ವಾಂಸ ಫೋಗೆಲ್ ಇದರ ಮೇಲೆ ಒಂದು ಪುಸ್ತಕವನ್ನೇ ಬರೆದ, ಅದು ಪ್ರಕಟವಾದದ್ದು 1962ರಲ್ಲಿ. ಅವನ ಪ್ರಕಾರ ಭಾರತದ ಸಾಹಿತ್ಯ, ಶಿಲ್ಪಗಳ ಹಂಸ ಹೆಬ್ಬಾತು. ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತೆ. ಸಂಸ್ಕೃತದ ಹಂಸ, ಜರ್ಮನ್ನಿನ ಗಾನ್ಸ್, ಇಂಗ್ಲಿಷಿನ ಗೂಸ್, ಲ್ಯಾಟಿನ್ನಿನ ಆನ್ಸರ್, ಎಲ್ಲ ಒಂದೇ ಬೇರಿನ ಮಾತುಗಳು, ಎಲ್ಲದರ ಅರ್ಥವೂ ಹೆಬ್ಬಾತಿನ ಕಡೆಗೇ. ನಮ್ಮ ಕೆರೆಗಳಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ವೈಜ್ಞಾನಿಕ ಹೆಸರು ಆನ್ಸರ್ ಇಂಡಿಕಸ್. ಇಂಟರ್ನಲ್ಸ್‌ನಲ್ಲಿ ಯಾವ ಆನ್ಸರೂ ಗೊತ್ತಿಲ್ಲದಿದ್ರೂ ಈ ಒಂದು ಆನ್ಸರ್ ಗೊತ್ತಿರಲಿ.

ಸಣ್ಣಜ್ಜ ಇದನ್ನ ಫೋಗೆಲ್ ಓದಿ ಕಲಿತಿರಲಿಲ್ಲ, ಕಲ್ಲು ನೋಡಿ ಕಲಿತಿದ್ದ. ಶಾಲೆಯ ಟ್ರಿಪ್ಪಿಗೆ ಹಳೇಬೀಡು, ಸೋಮನಾಥಪುರಕ್ಕೆ ಹುಡುಗರನ್ನ ಕರೆದೊಯ್ದಾಗ ಆತ ತೋರಿಸ್ತಿದ್ದದ್ದು ಶಿಲಾಬಾಲಿಕೆಯರನ್ನ ಅಲ್ಲ, ಗೋಡೆಯ ಪಟ್ಟಿಕೆಗಳನ್ನ. ಕೆಳಗೆ ಆನೆಗಳ ಸಾಲು, ಮೇಲೆ ಮೇಲೆ ಕುದುರೆ, ಬಳ್ಳಿ, ಪುರಾಣದ ಕಥೆ, ಮಕರ, ಎಲ್ಲಕ್ಕಿಂತ ಮೇಲೆ ಹಂಸಗಳ ಸಾಲು. ಬಾಲ ಬಿಚ್ಚಿ ಬಳ್ಳಿಯಾಗಿ ಸುರುಳಿ ಸುತ್ತಿರುತ್ತೆ, ಆದರೆ ಕುತ್ತಿಗೆ ಗಿಡ್ಡ, ಮೈ ದುಂಡಗೆ. ‘ಮೈಕಟ್ಟು ನೋಡ್ರಿ, ಇದು ಸ್ವಾನ್ ಅಲ್ಲ, ನಮ್ಮ ಕೆರಿ ಹಕ್ಕಿ. ಶಿಲ್ಪಿ ಕಂಡದ್ದನ್ನ ಕೆತ್ಯಾನ, ಕ್ಯಾಲೆಂಡರ್ ನೋಡಿ ಕೆತ್ತಿಲ್ಲ’ ಅಂತಿದ್ದನಂತೆ. ಹೊಯ್ಸಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಸುದ್ದಿ ಪೇಪರಿನಲ್ಲಿ ಬಂದಾಗ ಅದನ್ನ ಕತ್ತರಿಸಿ, ‘ನನ್ನ ಹಕ್ಕಿಗಳಿಗೆ ಪ್ರಮೋಷನ್’ ಅಂತ ಬರೆದು ಗೋಡೆಗೆ ಅಂಟಿಸಿದ್ದ.

ಹಂಸದ ಧ್ವನಿಯ ಬಗ್ಗೆಯೂ ಆತನಿಗೆ ಒಂದು ತಕರಾರಿತ್ತು. ಹಂಸಧ್ವನಿ ಅನ್ನೋ ರಾಗವನ್ನ ಕಟ್ಟಿದ್ದು ರಾಮಸ್ವಾಮಿ ದೀಕ್ಷಿತರು ಅಂತಾರೆ. ಅವರ ಮಗ ಮುತ್ತುಸ್ವಾಮಿ ದೀಕ್ಷಿತರು ಅದೇ ರಾಗದಲ್ಲಿ ವಾತಾಪಿ ಗಣಪತಿಯ ಮೇಲೆ ಕೃತಿ ಮಾಡಿದರು, ಕಚೇರಿಗಳು ಎಷ್ಟೋ ಸಲ ಅದರಿಂದಲೇ ಶುರುವಾಗ್ತವೆ. ವಾತಾಪಿ ಅಂದ್ರೆ ನಮ್ಮ ಬಾದಾಮಿ. ಇಷ್ಟು ಮಧುರ ರಾಗಕ್ಕೆ ಹೆಸರು ಕೊಟ್ಟ ಪಕ್ಷಿಯ ನಿಜವಾದ ಧ್ವನಿ ಕೇಳಿದ್ರೆ ಮಾತ್ರ ಹಳೇ ಸ್ಕೂಟರಿನ ಹಾರ್ನ್ ನೆನಪಾಗುತ್ತೆ. ಸ್ವಾನ್ ಆದರೆ ಗೊರಗೊರ, ಬುಸುಬುಸು. ಸಣ್ಣಜ್ಜ ಸ್ನಾನ ಮಾಡುವಾಗ ಆ ರಾಗ ಹಾಡ್ತಿದ್ದ. ಅದು ಮೂಲ ಪಕ್ಷಿಗೆ ಹೆಚ್ಚು ಹತ್ತಿರ ಇತ್ತು ಅಂತ ನಮ್ಮ ಅತ್ತಿಯ ಅಭಿಪ್ರಾಯ.

ಈಗ ನನ್ನ ಮುಖ್ಯ ಸಾಕ್ಷಿ. ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನಲ್ಲಿ ಮಾಗಡಿ ಅಂತ ಊರಿದೆ. (ಬೆಂಗಳೂರಿನ ಹತ್ತಿರದ ಮಾಗಡಿ ಅಲ್ಲ, ಮೆಟ್ರೋ ಹತ್ತಬೇಡಿ.) ಅಲ್ಲಿನ ಕೆರೆ ಮಳೆನೀರು ಹಿಡಿದು ಹೊಲಕ್ಕೆ ಬಿಡೋಕೆ ಕಟ್ಟಿಸಿದ್ದು, ಸುಮಾರು 50 ಹೆಕ್ಟೇರ್. ಚಳಿಗಾಲದಲ್ಲಿ ಅಲ್ಲಿಗೆ ಸಾವಿರಗಟ್ಟಲೆ ಪಟ್ಟೆತಲೆ ಹೆಬ್ಬಾತುಗಳು ಬರ್ತವೆ. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ವಿಭೂತಿಯನ್ನ ಯಾರೋ ನೆಗೆಟಿವ್‌ನಲ್ಲಿ ಹಚ್ಚಿದ ಹಾಗೆ. 2024ರಲ್ಲಿ ಈ ಕೆರೆ ಅಂಕಸಮುದ್ರ, ಅಘನಾಶಿನಿಗಳ ಜೊತೆ ರಾಮ್ಸಾರ್ ಪಟ್ಟಿಗೆ ಸೇರಿತು. ಅಂದ್ರೆ ಜಗತ್ತು ಕಾಪಾಡಬೇಕಾದ ಜೌಗು ಪ್ರದೇಶ ಅಂತ ಗುರುತಿಸಿದೆ.

ಈ ಪಕ್ಷಿಗಳು ಮರಿ ಮಾಡೋದು ಮಂಗೋಲಿಯಾ, ಟಿಬೆಟ್, ಲಡಾಖ್ ಕಡೆ. ಮಂಗೋಲಿಯಾದಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಸಿಕ್ಕಿವೆ. ನಡುವೆ ಏನಿದೆ? ಹಿಮಾಲಯ. ಇವು ಅದನ್ನ ದಾಟಿ ಬರ್ತವೆ. ಟ್ರಾನ್ಸ್‌ಮಿಟರ್ ಕಟ್ಟಿ ಅಳೆದಾಗ ಒಂದು ಪಕ್ಷಿ 7,290 ಮೀಟರ್ ಎತ್ತರದವರೆಗೆ ಹೋದದ್ದು ದಾಖಲಾಗಿದೆ. ಅಲ್ಲಿ ಗಾಳಿಯ ಆಮ್ಲಜನಕ ಸಮುದ್ರಮಟ್ಟದ ಅರ್ಧಕ್ಕಿಂತ ಕಡಿಮೆ. ನಮಗೆ ಮೂರನೇ ಮಹಡಿಯ ಡ್ರಾಯಿಂಗ್ ಹಾಲ್ ಹತ್ತಿದ್ರೆ ಏದುಸಿರು. ಅವುಗಳ ಹಿಮೋಗ್ಲೋಬಿನ್ನಿಗೆ ಆಮ್ಲಜನಕವನ್ನ ಗಟ್ಟಿಯಾಗಿ ಹಿಡಿಯುವ ಗುಣ ಇದೆ, ಉಸಿರು ಆಳವಾಗಿದೆ. ಇನ್ನೊಂದು ಜಾಣತನವೂ ಇದೆ. ಅವು ಒಂದೇ ಎತ್ತರದಲ್ಲಿ ಹಾರುತ್ತಾ ಹೋಗಲ್ಲ. ಬೆಟ್ಟ ಏರಿದ ಹಾಗೆ ಏರಿ, ಕಣಿವೆ ಬಂದಾಗ ಇಳಿದು, ಮತ್ತೆ ಏರಿ, ರೋಲರ್ ಕೋಸ್ಟರ್ ಹಾಗೆ ಬರ್ತವೆ. ಕಷ್ಟಪಟ್ಟು ಗಳಿಸಿದ ಎತ್ತರ ಯಾಕೆ ಬಿಡ್ತವೆ ಅನಿಸಬಹುದು. ಆದರೆ ಮೇಲಿನ ತೆಳು ಗಾಳಿಯಲ್ಲಿ ರೆಕ್ಕೆ ಬಡಿಯೋಕೆ ಬೇಕಾಗುವ ಶಕ್ತಿ ಅಷ್ಟು ಜಾಸ್ತಿ. ಇಳಿದು ಏರೋದೇ ಅಗ್ಗ. ಎರಡು-ಮೂರು ಕೆಜಿ ತೂಕದ ಒಂದು ಹಕ್ಕಿ ಮಾಡಿರುವ ಆಪ್ಟಿಮೈಸೇಷನ್ ಇದು.

ಈಗ ಹೇಳಿ, ಹಾಲು ನೀರು ಬೇರೆ ಮಾಡೋದು ದೊಡ್ಡದೋ, ಹಿಮಾಲಯ ದಾಟಿ ಗದಗ ಜಿಲ್ಲೆಗೆ ಬರೋದು ದೊಡ್ಡದೋ?

ಬಂದ ಮೇಲೆ ಅವು ಪುರಾಣದ ಹಂಸದ ಹಾಗೆ ಮುತ್ತು ತಿನ್ನಲ್ಲ. ಸುತ್ತಲಿನ ಹೊಲಗಳಿಗೆ ಇಳಿದು ಬೆಳೆ ಮೇಯ್ತವೆ. ಸಣ್ಣಜ್ಜನ ನಾಲ್ಕು ಎಕರೆಯೂ ಅವುಗಳ ಮೆಸ್ಸು. ಬೆಳಿಗ್ಗೆ ಹೊಲದಲ್ಲಿ ಹಿಕ್ಕೆ ನೋಡಿ ಆತ ಮೊದಲು ಬೈತಿದ್ದ, ಆಮೇಲೆ ನನಗೆ ಫೋನ್ ಮಾಡಿ ಜಂಬ ಪಡ್ತಿದ್ದ: ‘ನನ್ನ ಕಡ್ಲಿ ತಿಂದು ಮಂಗೋಲಿಯಾಕ್ಕ ಹೊಂಟಾವ ತಂಗೀ. ಎಕ್ಸ್‌ಪೋರ್ಟ್ ಆತು. ರೊಕ್ಕ ಮಾತ್ರ ಬಂದಿಲ್ಲ.’ ನಷ್ಟವನ್ನ ಲೆಕ್ಕ ಹಾಕಿ ಬರೀತಿದ್ದ, ಆದರೆ ಪಟಾಕಿ ಹೊಡೆದು ಓಡಿಸೋಕೆ ಬಂದ ಪಕ್ಕದ ಹೊಲದ ಹುಡುಗನ ಜೊತೆ ಒಂದು ತಿಂಗಳು ಮಾತಾಡಲಿಲ್ಲ.

ಆತನ ವಹಿಗಳು ಈಗ ನನ್ನ ಹತ್ತಿರ ಇವೆ, ಒಟ್ಟು ಹನ್ನೊಂದು. ಅರ್ಧ ಚಿತ್ರ, ಅರ್ಧ ಬರಹ. ಪ್ರತಿ ಚಳಿಗಾಲದ ಎಣಿಕೆ ಇದೆ. ಒಂದು ದಿನದ ದಾಖಲೆ ಪೂರ್ತಿ ಹೀಗಿದೆ: ‘ಮುಂಜಾನೆ ಆರೂವರೆ. ಎಣಿಸಾಕ ಚಾಲೂ ಮಾಡಿದೆ. ನಾಯಿ ಬಂತು. ಎಲ್ಲಾ ಹಾರಿದವು. ನಾಯಿ ಒಂದು.’ ಇನ್ನೊಂದು ಪುಟದಲ್ಲಿ ನಾನು ಆರು ವರ್ಷದವಳಿದ್ದಾಗ 2 ಅನ್ನೋ ಅಂಕಿಯಿಂದ ಬರೆದ ಹಂಸ ಇದೆ. ನಾವೆಲ್ಲ ಹಾಗೇ ಬರೆದಿರ್ತೀವಿ, 2 ಬರೆದು, ಹೊಟ್ಟೆ ಹಚ್ಚಿ, ಕಣ್ಣು ಇಟ್ಟು. ಅದರ ಕೆಳಗೆ ಆತ ಕೆಂಪು ಪೆನ್ನಿನಲ್ಲಿ ಬರೆದಿದ್ದಾನೆ: ‘ಅಂಕಿ ಚಲೋ ಐತಿ. ಹಕ್ಕಿ ನೋಡಿ ಬರೀಬೇಕು.’ ಆರು ವರ್ಷದ ಮಗುವಿಗೆ! ಅದಕ್ಕೇ ಮುಂದಿನ ಡಿಸೆಂಬರ್‌ನಲ್ಲಿ ನನ್ನನ್ನ ಸೈಕಲ್ಲಿನ ಮುಂದಿನ ಡಂಡಿಯ ಮೇಲೆ ಕೂರಿಸ್ಕೊಂಡು, ಚಳಿಗೆ ತಲೆಗೆ ತನ್ನ ಟವೆಲ್ಲು ಸುತ್ತಿ, ಕತ್ತಲಿರುವಾಗಲೇ ಕೆರೆಗೆ ಕರೆದೊಯ್ದ.

‘ನೋಡಿ ಬರೀಬೇಕು’ ಅನ್ನೋ ಈ ಮೂರು ಅಡಿ ಸ್ಕೇಲಿನ ಮಾತು ನನ್ನ ಇಡೀ ವಾದ. ಚಿಹ್ನೆಯಾದ ಹಂಸಕ್ಕೆ ನಮ್ಮಿಂದ ಏನೂ ಬೇಕಾಗಿಲ್ಲ. ಅದು ಯಾವ ಕೆರೆ ಬತ್ತಿದ್ರೂ ಕಾರ್ಡಿನ ಮೇಲೆ ಆರಾಮಾಗಿರುತ್ತೆ. ನಿಜವಾದ ಪಕ್ಷಿಗೆ ನೀರು ಬೇಕು, ಮೇವು ಬೇಕು, ನಾಯಿ ಬರದ ದಂಡೆ ಬೇಕು. ಇಂಗ್ಲೆಂಡಿನಲ್ಲಿ ಗುರುತು ಹಾಕದ ಬಿಳಿ ಹಂಸಗಳ ಮೇಲೆ ರಾಜನ ಹಕ್ಕು ಇದೆ, ಥೇಮ್ಸ್ ನದಿಯಲ್ಲಿ ಪ್ರತಿ ಜುಲೈ ಕೆಂಪು ಕೋಟು ಹಾಕ್ಕೊಂಡು ದೋಣಿಯಲ್ಲಿ ಹೋಗಿ ಎಣಿಸೋ ಶತಮಾನಗಳ ಪದ್ಧತಿಯೂ ಇದೆ. ಅಷ್ಟು ರಾಜಮರ್ಯಾದೆ ಇದ್ರೂ ಮೀನು ಹಿಡಿಯೋರು ಗಾಳಕ್ಕೆ ಕಟ್ಟುವ ಸೀಸದ ಗುಂಡುಗಳನ್ನ ನುಂಗಿ ಹಂಸಗಳು ಸಾಯ್ತಾ ಇದ್ವು. ಉಳಿಸಿದ್ದು ರಾಜಮರ್ಯಾದೆ ಅಲ್ಲ. ಯಾರೋ ಕೂತು ಎಣಿಸಿದ್ರು, ಸತ್ತ ಪಕ್ಷಿಯ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿದ್ರು, 1987ರಲ್ಲಿ ಅಂಥ ಸೀಸದ ಗುಂಡುಗಳ ಮಾರಾಟಕ್ಕೆ ತಡೆ ಬಿತ್ತು, ಸಂಖ್ಯೆ ಮತ್ತೆ ಏರಿತು.

ಸತ್ತ ಮನುಷ್ಯರ ವಿಷಯದಲ್ಲೂ ನನಗೆ ಹಾಗೇ ಅನಿಸುತ್ತೆ. ತೀರಿಕೊಂಡ ಕೂಡಲೇ ಎಲ್ಲರೂ ಸ್ನೇಹಜೀವಿ, ಶಾಂತಮೂರ್ತಿ, ಅಜಾತಶತ್ರು ಆಗಿಬಿಡ್ತಾರೆ. ಒಂದೇ ಟೆಂಪ್ಲೇಟು, ಫೋಟೋ ಮಾತ್ರ ಬೇರೆ. ಒಳ್ಳೆ ಮನಸ್ಸಿನಿಂದಲೇ ಮಾಡ್ತೀವಿ, ಅದು ಗೊತ್ತು. ಆದರೆ ಜಗಳಗಂಟತನ, ವಹಿ, ಸೀಮೆಸುಣ್ಣ ಎಲ್ಲ ಒರೆಸಿ ಹಾಕಿದ ಮೇಲೆ ಉಳಿದ ಆ ನೀಲಿ ಕೋಟಿನ ಮನುಷ್ಯ ಯಾರು? ಅವನನ್ನ ನಾನು ನೋಡೇ ಇಲ್ಲ. ಅವನ ನೆನಪಾಗಿ ಅಳು ಬರೋದು ಹೇಗೆ?

ಸಣ್ಣಜ್ಜನ ನಿಜವಾದ ಶ್ರದ್ಧಾಂಜಲಿ ಕೇಳಿದ್ದು ನಾನು ಹಾಲಿನವನ ಬಾಯಲ್ಲಿ. ದಿನಕರ್ಮಗಳೆಲ್ಲ ಮುಗಿದ ಮರುದಿನ ಮುಂಜಾನೆ ಎಂದಿನಂತೆ ಬಂದ. ಕ್ಯಾನ್ ಕೆಳಗಿಟ್ಟು ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ನಮ್ಮ ಅತ್ತಿಗೆ ಹೇಳಿದ: ‘ಇಪ್ಪತ್ತು ವರ್ಷ ನನ್ನ ಜೋಡಿ ಜಗಳಾಡ್ಯಾನ್ರೀ ಅಕ್ಕಾರ. ಒಂದು ದಿನಾ ಸುಳ್ಳ ಆಡಲಿಲ್ಲ. ಚಲೋ ಇದ್ದಾಗ ಚಲೋ ಐತಿ ಅಂದಾನ. ಇನ್ನ ಮ್ಯಾಲ ನನ್ನ ಹಾಲು ಚಲೋ ಐತಿ ಅಂತ ಹೇಳಾವರು ಯಾರದಾರ?’ ಅತ್ತಿ ಒಳಗೆ ಹೋಗಿ ಲ್ಯಾಕ್ಟೋಮೀಟರ್ ತಂದು ಕೊಟ್ಟಳು. ಆತ ತಾನೇ ಹಾಕಿ ನೋಡಿದ. 30 ಇತ್ತು. ಯಾರೂ ಮಾತಾಡಲಿಲ್ಲ.

ಇದನ್ನ ಫ್ಲೆಕ್ಸ್ ಮೇಲೆ ಬರೆಸೋಕಾಗಲ್ಲ ಅಂತೀರಾ? ಯಾಕಾಗಲ್ಲ? ‘ಇಪ್ಪತ್ತು ವರ್ಷ ಹಾಲು ಅಳೆದವರು’ ಅನ್ನೋದು ‘ಶಾಂತಮೂರ್ತಿ’ಗಿಂತ ಎಷ್ಟು ಸಣ್ಣದು? ನಾಳೆ ನಿಮ್ಮ ಮನೆಯ ಯಾರ ಬಗ್ಗೆಯಾದರೂ ಬರೆಯೋ ಪ್ರಸಂಗ ಬಂದರೆ ಟೆಂಪ್ಲೇಟಿಗೆ ಹೋಗುವ ಮುಂಚೆ ಅವರದ್ದೇ ಆದ ಒಂದು ಸಂಗತಿ ಬರೆಯಿರಿ, ಅದು ಸಿಡುಕೇ ಆಗಿದ್ರೂ ಪರವಾಗಿಲ್ಲ. ಸಿಡುಕಿನ ಹಿಂದೆ ಒಂದು ಗೂಡು ಇರುತ್ತೆ.

ನನ್ನ ಮಟ್ಟಿಗೆ ಹೇಳೋದಾದ್ರೆ, ನನ್ನ ಕನ್ನಡ ಬೆಳೆದದ್ದೇ ಆ ಫೋನ್ ಕಾಲುಗಳಲ್ಲಿ. ಹಂಸಗಳ ಬಗ್ಗೆ ಇಂಗ್ಲಿಷಿನಲ್ಲಿ ಓದಿದ್ದನ್ನ ರಾತ್ರಿ ಆತನಿಗೆ ಕನ್ನಡದಲ್ಲಿ ಹೇಳಬೇಕಿತ್ತು. ‘ಅಗ್ರೆಸಿವ್’ ಅಂದ್ರೆ ಫೋನ್ ಕಟ್. ‘ಸಿಡುಕ’ ಅಂತ ನಾನಾಗೇ ಹುಡುಕಿ ಹೇಳಿದ ದಿನ, ‘ಈಗ ಮನಶ್ಯಾ ಆದಿ’ ಅಂದ. ಈ ಬರಹದಲ್ಲಿ ಎಷ್ಟು ಒತ್ತಕ್ಷರ ತಿದ್ದಬೇಕಿತ್ತೋ ಗೊತ್ತಿಲ್ಲ. ಸೀಮೆಸುಣ್ಣ ಹಿಡಿದು ಬರುವವನಿಲ್ಲ, ಹಾಗಾಗಿ ನಮ್ಮ ಕ್ಲಬ್ಬಿನ ಸಂಪಾದಕರೇ ಆ ಕೆಲಸ ಮಾಡ್ಕೋಬೇಕು.

ಈ ಡಿಸೆಂಬರ್‌ನಲ್ಲಿ ಸೆಮ್ ಮುಗಿದ ಮೇಲೆ ನಾನು ಮಾಗಡಿ ಕೆರೆಗೆ ಹೋಗ್ತೀನಿ, ಹನ್ನೆರಡನೇ ವಹಿ ತಗೊಂಡು. ಬರುವವರು ಬನ್ನಿ. ಗದಗಿನಿಂದಾಗಲಿ ಲಕ್ಷ್ಮೇಶ್ವರದಿಂದಾಗಲಿ ದೂರ ಏನಿಲ್ಲ. ಬೆಳಕು ಹರಿಯುವ ಮುಂಚೆ ದಂಡೆಯ ಮೇಲಿರಬೇಕು, ಹೊಲಕ್ಕೆ ಮೇಯೋಕೆ ಹೋದವು ಗುಂಪು ಗುಂಪಾಗಿ ಹಾರ್ನ್ ಹೊಡೀತಾ ವಾಪಸ್ ಇಳಿಯೋದು ಆಗಲೇ. ಒಂದೇ ಷರತ್ತು: ಸೆಲ್ಫಿಗೆ ಅಂತ ನೀರಿನ ಹತ್ತಿರ ಓಡಬಾರದು. ಓಡಿದವರನ್ನ ಎಣಿಕೆಯಲ್ಲಿ ನಾಯಿಯ ಕಾಲಮ್ಮಿಗೆ ಸೇರಿಸಲಾಗುವುದು.